ಹಗ್ಗ ಹತ್ತಿದ ಡಬ್ಬಿ

ಮೊನ್ನೆ ಸಂಜೆ ಕಡಲೆಪುರಿಯ ಪೊಟ್ಟಣ ಬಿಡಿಸಿದೆ. ಪುರಿ ಮೆತ್ತಗಾಗಿತ್ತು, ಅದು ಬೇರೆ ಮಾತು. ಕಟ್ಟಿದ್ದ ಕಾಗದ ಯಾವುದೋ ವಾರಪತ್ರಿಕೆಯ ಹೆಂಗಸರ ಪುಟದ್ದು. ಕೆಲಸಕ್ಕೆ ಹೋಗುವವರಿಗೆ ಹಗುರವಾದ ಡಬ್ಬಿ ಊಟ, ಎಣ್ಣೆ ಕಡಿಮೆ, ಹತ್ತೇ ನಿಮಿಷದ ಕೆಲಸ ಎಂದು ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ ಇಸ್ತ್ರಿ ಸೀರೆ ಉಟ್ಟ ಹೆಂಗಸೊಬ್ಬಳು ಡಬ್ಬಿ ಹಿಡಿದುಕೊಂಡು ನಗುತ್ತಿದ್ದಳು. ಬೆಳಗ್ಗೆ ಐದು ಗಂಟೆಗೆ ಡಬ್ಬಿ ಕಟ್ಟುತ್ತ ನಗುವ ಹೆಂಗಸನ್ನು ನಾನು ಬಂಗಾರಪೇಟೆಯಲ್ಲಿ ಇದುವರೆಗೆ ಕಂಡಿಲ್ಲ. ನೀವು ಕಂಡಿದ್ದರೆ ಕರೆದುಕೊಂಡು ಬನ್ನಿ, ಕಾಫಿ ಕೊಡುತ್ತೇನೆ.

ಅದರಲ್ಲಿ ಒಂದು ಉಪಾಯ ಬೇರೆ ಹೇಳಿಕೊಟ್ಟಿದ್ದರು. ಮನೆಯವರು ತರಕಾರಿ ತಿನ್ನಲು ತಕರಾರು ಮಾಡಿದರೆ ಅದನ್ನು ಹೂವಿನ ಆಕಾರಕ್ಕೆ ಕತ್ತರಿಸಿಡಬೇಕಂತೆ. ನಮ್ಮವರಿಗೆ ಕ್ಯಾರೆಟ್ಟನ್ನು ಹೂವಾಗಿ ಕತ್ತರಿಸಿ ಕೊಟ್ಟಿದ್ದರೆ ದೇವರ ಪಟದ ಮುಂದಿಟ್ಟು ಕೈಮುಗಿದು, "ಈಗ ಅನ್ನ ಆಕು" ಅನ್ನುತ್ತಿದ್ದರು. ಇಂಥ ಉಪಾಯ ಬರೆಯುವವರನ್ನು ಒಂದು ತಿಂಗಳು ನಮ್ಮ ಅಡುಗೆಮನೆಯಲ್ಲಿ ಕೂಡಿಹಾಕಬೇಕಿತ್ತು ಎಂದು ನನಗೆ ಆಗಲೇ ಅನ್ನಿಸಿದ್ದು. ಅದೂ ಎಂಬತ್ತರ ದಶಕದ ಆ ಒಂದು ವರ್ಷ.

ನಮ್ಮವರಿಗೆ ಆಗ ನಲವತ್ತಾರು. ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಬೆಳಗ್ಗೆ ಮಾರಿಕುಪ್ಪಂ ರೈಲುಗಾಡಿ ಹಿಡಿದು ಹೋದರೆ ಸಂಜೆ ಅದೇ ಗಾಡಿಯಲ್ಲಿ ವಾಪಸ್ಸು. ಕುಡಿತವಿಲ್ಲ, ಬೀಡಿಯಿಲ್ಲ, ಇಸ್ಪೀಟಿಲ್ಲ. ನೆರೆಹೊರೆಯವರೆಲ್ಲ ನನ್ನ ಪುಣ್ಯವನ್ನು ಹೊಗಳುವವರೇ. ಅವರಾರೂ ಇವರಿಗೆ ಡಬ್ಬಿ ಕಟ್ಟಿದವರಲ್ಲ.

ಬದನೆಕಾಯಿ ಬೇಡ, ಬೀಜ ಹಲ್ಲಿಗೆ ಸಿಗುತ್ತದೆ. ನುಗ್ಗೇಕಾಯಿ ಬೇಡ, ಅಗಿಯುವಾಗ ನಾಲ್ಕು ಜನ ತಿರುಗಿ ನೋಡುತ್ತಾರೆ. ಸೊಪ್ಪು ಬೇಡ, ಅದು ದನಕ್ಕೆ. ಚಪಾತಿ ಒಣಗಿದರೆ ಚರ್ಮ, ಮೆತ್ತಗಿದ್ದರೆ ಹಸಿಹಿಟ್ಟು. ಉಪ್ಪಿಟ್ಟು ಆರಿದ ಮೇಲೆ ಸಿಮೆಂಟು. ಪಲ್ಯದ ನೀರು ಅನ್ನಕ್ಕೆ ತಾಗಬಾರದು, ತಾಗಿದರೆ ಅನ್ನವೂ ಬೇಡ, ಪಲ್ಯವೂ ಬೇಡ. ಹಾಗಾದರೆ ಬೇಕಾದದ್ದು ಏನು ಅಂತ ಕೇಳುತ್ತೀರಿ. ಬಿಳಿ ಅನ್ನ, ಕರಿದ ಆಲೂಗಡ್ಡೆ, ಮೇಲೊಂದು ಹಪ್ಪಳ. ಇಷ್ಟಿದ್ದರೆ ಬಂಗಾರದಂಥ ಮನುಷ್ಯ.

ಈ ನಾಲಿಗೆಯನ್ನು ಸಾಕಿ ಬೆಳೆಸಿದ್ದು ನಮ್ಮತ್ತೆ. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡು. ಬದನೆಕಾಯಿಯ ಬೀಜವನ್ನು ಒಂದೊಂದಾಗಿ ತೆಗೆದು ತುತ್ತು ಇಟ್ಟವರಂತೆ. ಮದುವೆಯಾದ ಮೂರನೇ ದಿನ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು, "ನಮ್ ಉಡುಗ ಉಟ್ಟಿದಾಗ್ಲಿಂದ್ಲೂ ಅಂಗೇ ಕಣಮ್ಮ, ಬೇಜಾರ್ ಮಾಡ್ಕೋಬೇಡ. ಅವನ ಮನಸ್ಸು ಒಳ್ಳೇದು, ಬಾಯಿ ಒಂದೇ ಸರೀಗಿಲ್ಲ" ಅಂದರು. ಬಾಯಿ ಸರಿಯಿಲ್ಲ ಎಂದು ಮದುವೆಗೆ ಮೂರು ದಿನ ಮುಂಚೆ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತೋ ಗೊತ್ತಿಲ್ಲ.

ನಾನು ಬೆಳೆದದ್ದು ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ. ನಮ್ಮಜ್ಜಿ ಕುಕ್ಕೆಯಲ್ಲಿ ಮುದ್ದೆ ಜೋಡಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಚಿಕ್ಕ ಮಡಕೆಯಲ್ಲಿ ಹುರುಳಿಸಾರು ಹೊಯ್ದು, ತಲೆ ಮೇಲೆ ಹೊತ್ತು ಹೊಲಕ್ಕೆ ಹೊರಡುತ್ತಿದ್ದಳು. ಹಿಂದೆ ನಾನು ನೀರಿನ ಚೊಂಬು ಹಿಡಿದು ಓಡಬೇಕು. ಕೆರೆ ಏರಿಯ ಮೇಲೆ ಸಾರು ತುಳುಕಿ ಅಜ್ಜಿಯ ಕಿವಿಯ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುತ್ತಿತ್ತು, ಅವಳು ನಾಲಿಗೆ ಚಾಚಿ ಒರೆಸಿಕೊಂಡು ಉಪ್ಪು ಸರಿಯಿದೆಯೆಂದು ಅಲ್ಲೇ ತೀರ್ಮಾನಿಸುತ್ತಿದ್ದಳು. ಹೊಲದಲ್ಲಿ ಯಾರನ್ನೂ ನಿನಗೇನು ಇಷ್ಟ ಅಂತ ಕೇಳಿದ್ದು ನಾನು ಕಾಣೆ. ನಾನೊಮ್ಮೆ ಹಾಗಲಕಾಯಿ ಬೇಡವೆಂದು ಮೂತಿ ತಿರುಗಿಸಿದ್ದಕ್ಕೆ ಅಜ್ಜಿ ತಟ್ಟೆ ಎತ್ತಿ ಎಮ್ಮೆಯ ಮುಂದಿಟ್ಟಳು. "ನೋಡ್ಲೇ, ಅದು ಏನಾರಾ ಅಂತದಾ?" ಅಂದಳು. ಎಮ್ಮೆ ಏನೂ ಅನ್ನಲಿಲ್ಲ. ಆಮೇಲೆ ನಾನೂ ಏನೂ ಅನ್ನಲಿಲ್ಲ. ಅಂಥ ಮನೆಯಿಂದ ಬಂದವಳಿಗೆ ಇಂಥ ನಾಲಿಗೆ ಗಂಟುಬಿತ್ತು.

ಆದರೂ ಹೇಗೋ ಇಪ್ಪತ್ತು ವರ್ಷ ಕಳೆದಿತ್ತು. ಆ ವರ್ಷ ಜುಲೈ ತಿಂಗಳಲ್ಲಿ ಕಾರ್ಖಾನೆಯ ವೈದ್ಯಕೀಯ ಪರೀಕ್ಷೆಯಾಯಿತು. ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತರು. ತೂಕ ಎಂಬತ್ತಾರು ಕೆಜಿ, ರಕ್ತದಲ್ಲಿ ಸಕ್ಕರೆ. ಜನವರಿಯಲ್ಲಿ ಮತ್ತೆ ನೋಡುತ್ತೇವೆ, ಹತ್ತು ಕೆಜಿ ಇಳಿದು ಸಕ್ಕರೆ ಹತೋಟಿಗೆ ಬಂದಿದ್ದರೆ ಸರಿ, ಇಲ್ಲದಿದ್ದರೆ ಕ್ರೇನಿನಿಂದ ಇಳಿಸಿ ಕೆಳಗೆ ಬೇರೆ ಕೆಲಸ ಕೊಡುತ್ತೇವೆ ಎಂದಿದ್ದರಂತೆ ಡಾಕ್ಟರು. ಎತ್ತರದಲ್ಲಿ ಒಬ್ಬರೇ ಕೂತಿರುವಾಗ ತಲೆ ತಿರುಗಿದರೆ ಏನು ಗತಿ ಎಂಬುದು ಅವರ ಮಾತು. ಅದು ತಪ್ಪೆಂದು ಹೇಳಲೂ ಆಗದು.

ಸಂಬಳ ಕಡಿಮೆಯಾಗುವುದಿಲ್ಲವಂತೆ. ಆದರೂ ಇವರ ಮುಖ ನೋಡಲಾಗುತ್ತಿರಲಿಲ್ಲ. ಇವರಿಗೆ ಆ ಕ್ರೇನು ಅಂದರೆ ಏನು ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ನೀರಿನ ಲೋಟವನ್ನು ಚೆಲ್ಲದೆ ಕೆಳಗಿಡಲು ಬರುವುದಿಲ್ಲ, ಅಲ್ಲಿ ಎಷ್ಟೋ ಟನ್ ತೂಗುವ ಕಬ್ಬಿಣವನ್ನು ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಇಳಿಸುತ್ತಾರೆಂದು ಅವರ ಜೊತೆಗಾರರು ನಮ್ಮ ಮನೆಯ ಗೃಹಪ್ರವೇಶದಲ್ಲಿ ಎಲ್ಲರೆದುರು ಹೇಳಿದ್ದರು. ಇವರು ಆ ದಿನ ನಾಚಿಕೊಂಡು ಹಿತ್ತಿಲಿಗೆ ಹೋದದ್ದು ನನಗಿನ್ನೂ ನೆನಪಿದೆ. ಈ ಮನುಷ್ಯನಿಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ.

"ಯಾರಿಗೂ ಏಳ್ಬೇಡ" ಅಂದರು. "ನಮ್ ವರ್ಕ್‌ಶಾಪಲ್ಲಿ ಯಾರಿಗೂ ಗೊತ್ತಾಗ್ಬಾರ್ದು. ಅಮ್ಮಂಗೂ ಬೇಡ."

"ನೀವು ಬಾಯಿ ಕಟ್ಟಿದ್ರೆ ನಾನೂ ಬಾಯಿ ಕಟ್ತೀನಿ" ಅಂದೆ.

ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿದೆ. ಅನ್ನ ಒಂದು ಬಟ್ಟಲು, ಎಣ್ಣೆ ಒಂದು ಚಮಚ, ಕರಿದದ್ದು ಕೂಡದು, ತೆಂಗಿನಕಾಯಿ ಕೂಡದು, ಸೊಪ್ಪು ತರಕಾರಿ ಧಾರಾಳ. ಇವರು ಬೇಡ ಅನ್ನುವುದನ್ನೂ ಡಾಕ್ಟರು ಬೇಡ ಅನ್ನುವುದನ್ನೂ ತೆಗೆದರೆ ಉಳಿಯುವುದು ನೀರು. ನೀವೇ ಹೇಳಿ, ನೀರನ್ನು ಡಬ್ಬಿಗೆ ಹಾಕಿ ಕಳಿಸಲಾದೀತೇ?

ಆಗ ನಾನು ಮಾಡದ ಕಳ್ಳತನವಿಲ್ಲ. ನುಗ್ಗೆಸೊಪ್ಪನ್ನು ರುಬ್ಬಿ ರಾಗಿರೊಟ್ಟಿಗೆ ಕಲಸಿ, ಬಣ್ಣ ಕೇಳಿದರೆ ಕೊತ್ತಂಬರಿ ಎಂದೆ. ಸೋರೆಕಾಯಿ ತುರಿದು ದೋಸೆಹಿಟ್ಟಿಗೆ ಬಿಟ್ಟೆ. ಹೆಸರುಕಾಳು ಮೊಳಕೆ ಕಟ್ಟಿ ನಿಂಬೆಹಣ್ಣು ಹಿಂಡಿದೆ. ಬದನೆಕಾಯಿ ಸುಟ್ಟು, ಬೀಜ ಕಾಣದ ಹಾಗೆ ಕಿವುಚಿ ಮೊಸರು ಕಲಸಿದೆ. ಸೌತೆಕಾಯಿ ಕೋಸಂಬರಿ ನೀರು ಬಿಟ್ಟು ರೊಟ್ಟಿಗೆ ತಾಗದಿರಲೆಂದು ನಡುವೆ ಬಾಳೆಎಲೆ ಗೋಡೆ ಕಟ್ಟಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಇಷ್ಟೆಲ್ಲ ಮಾಡಿ ಮುಚ್ಚಳ ಹಾಕುವಾಗ ಒಂದು ಪರೀಕ್ಷೆ ಬರೆದು ಮುಗಿಸಿದ ಹಾಗೆ ಆಗುತ್ತಿತ್ತು. ಡಬ್ಬಿಗೆ ಹಿಡಿಸದೆ ಉಳಿದದ್ದನ್ನು, ಕರಿಯಲೆಂದು ತಂದಿಟ್ಟಿದ್ದ ಹಪ್ಪಳದ ಸಮೇತ, ಹಾಳಾಗಬಾರದಲ್ಲ ಎಂದು ನಾನೇ ತಿನ್ನುತ್ತಿದ್ದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಆಶ್ಚರ್ಯವೆಂದರೆ ಸಂಜೆ ಡಬ್ಬಿ ಖಾಲಿ ಬರುತ್ತಿತ್ತು. ತಕರಾರಿಲ್ಲ. ನಾನು ಬೀಗಿಹೋದೆ. ಅತ್ತೆ ಇಪ್ಪತ್ತಾರು ವರ್ಷ, ನಾನು ಇಪ್ಪತ್ತು ವರ್ಷ ಸೋತಲ್ಲಿ ಒಂದು ಚೀಟಿ ಗೆದ್ದಿತಲ್ಲ ಎಂದು ಹಿಗ್ಗಿದೆ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆಗ ತೂಕದ ಯಂತ್ರವೊಂದಿತ್ತು. ಹತ್ತಿ ನಿಂತು ನಾಣ್ಯ ಹಾಕಿದರೆ ಬಣ್ಣದ ದೀಪಗಳು ಗರಗರ ತಿರುಗಿ ಒಂದು ಚೀಟಿ ಬೀಳುತ್ತಿತ್ತು, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಭಾನುವಾರ ಭಾನುವಾರ ಇವರನ್ನು ಹಿಡಿದುಕೊಂಡು ಹೋಗಿ ಅದರ ಮೇಲೆ ನಿಲ್ಲಿಸುತ್ತಿದ್ದೆ. ಮೊದಲನೇ ವಾರ ಎಂಬತ್ತಾರು. ನಾಲ್ಕನೇ ವಾರ ಎಂಬತ್ತಾರು. ಎರಡು ತಿಂಗಳಾದ ಮೇಲೆ ಎಂಬತ್ತೇಳೂವರೆ. ಹಿಂದೆ ತಿರುಗಿಸಿದರೆ ನಿಮ್ಮ ಶ್ರಮಕ್ಕೆ ಫಲ ಕಾದಿದೆ ಎಂದಿತ್ತು. ಯಂತ್ರ ಕೆಟ್ಟಿರಬೇಕೆಂದು ನಾನೂ ಹತ್ತಿ ನಿಂತೆ. ನಾನು ನಾಲ್ಕು ಕೆಜಿ ಜಾಸ್ತಿಯಾಗಿದ್ದೆ. ಯಂತ್ರ ಕೆಟ್ಟಿದೆಯೆಂದು ಇಬ್ಬರೂ ಒಪ್ಪಿಕೊಂಡು ಮನೆಗೆ ಬಂದೆವು.

ಆದರೆ ಮೂಗು ಕೆಟ್ಟಿರಲಿಲ್ಲ. ಒಂದು ಸಂಜೆ ಡಬ್ಬಿ ತೊಳೆಯಲು ಹೋದರೆ ಮುಚ್ಚಳದ ಅಂಚಿನಲ್ಲಿ ಎಳ್ಳೆಣ್ಣೆ. ನಮ್ಮ ಮನೆಯಲ್ಲಿ ಎಳ್ಳೆಣ್ಣೆ ಹಚ್ಚುವುದು ಮಂಡಿಗೆ. ಮರುದಿನ ತಳದಲ್ಲಿ ಎರಡು ಕಡಲೇಬೀಜ, ಹುಣಿಸೆಹುಳಿ ಮೆತ್ತಿಕೊಂಡದ್ದು. ಅದರ ಮರುದಿನ, ನಾನು ಕೋಸಂಬರಿ ಕಳಿಸಿದ್ದ ಡಬ್ಬಿಯಲ್ಲಿ, ಮೀನಿನ ಮುಳ್ಳು.

"ಇದೇನು?" ಅಂದೆ.

"ಮುಳ್ಳು" ಅಂದರು.

"ನಾನು ಕಟ್ಟಿದ್ದನ್ನ ತಿಂದ್ರಾ?"

"ಮೇಲಕ್ಕೆ ಬಂದದ್ದನ್ನ ತಿಂದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಷ್ಟು ಹೇಳಿ ಎದ್ದುಹೋದರು. ಮೈಯೆಲ್ಲ ಉರಿದುಹೋಯಿತು. ಮೇಲಕ್ಕೆ ಬರುವುದೇನು, ಕೆಳಕ್ಕೆ ಹೋಗುವುದೇನು, ಡಬ್ಬಿಗೇನು ಕಾಲು ಬಂದಿದೆಯೇ?

ಆಯುಧಪೂಜೆಯ ದಿನ ಕಾರ್ಖಾನೆಯ ಗೇಟು ಮನೆಯವರಿಗೂ ತೆರೆಯುತ್ತಿತ್ತು. ಮನೆಯ ಪೂಜೆಯ ನೆಪ ಹೇಳಿ ನಾನು ಯಾವತ್ತೂ ಹೋದವಳಲ್ಲ. ಆ ವರ್ಷ ರೇಷ್ಮೆ ಸೀರೆ ಉಟ್ಟು ಗಾಡಿ ಹತ್ತಿದೆ. ಭಕ್ತಿಯಿಂದಲ್ಲ, ಪತ್ತೇದಾರಿಕೆಗೆ. ಇವರು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಶೆಡ್ಡಿನೊಳಗೆ ಯಂತ್ರಗಳಿಗೆಲ್ಲ ಬಾಳೆಕಂದು, ಚೆಂಡುಹೂವು, ಬೂದುಗುಂಬಳದ ಕುಂಕುಮ. ತಲೆಯೆತ್ತಿ ನೋಡಿದೆ. ಮಾಡಿನ ಕೆಳಗೆ, ಅಷ್ಟು ಮೇಲೆ, ಗುಬ್ಬಿಗೂಡಿನಷ್ಟು ಒಂದು ಕ್ಯಾಬಿನ್ನು. ಅದಕ್ಕೆ ಗೋಡೆಗೆ ಅಂಟಿದ ಹಾಗೆ ನೆಟ್ಟಗೆ ನಿಂತ ಕಬ್ಬಿಣದ ಏಣಿ. ಎಂಬತ್ತೇಳೂವರೆ ಕೆಜಿ ಇದನ್ನು ದಿನಾ ಹತ್ತುತ್ತದೆಯೇ ಎಂದು ಏಣಿಯ ಮೆಟ್ಟಿಲು ಎಣಿಸಿದೆ. ಡಾಕ್ಟರ ಮಾತು ಆಗ ಪೂರ್ತಿ ಅರ್ಥವಾಯಿತು.

ಆ ಕ್ಯಾಬಿನ್ನಿನಿಂದ ಒಂದು ಹಗ್ಗ ಇಳಿದು ನೆಲದವರೆಗೆ ಬಂದಿತ್ತು. ತುದಿಯಲ್ಲಿ ಕೊಕ್ಕೆ. ಅದರ ಪಕ್ಕದ ಬೆಂಚಿನವನ ಹೆಸರು ಸೆಲ್ವಂ. ಇವರ ಕ್ರೇನಿಗೆ ಕೆಳಗೆ ಕಬ್ಬಿಣ ಕಟ್ಟುವವನು, ಹದಿನೈದು ವರ್ಷದ ಜೊತೆಗಾರ. ಅವನೇ ವಿವರಿಸಿದ. ಎರಡು ಕೈಯಲ್ಲಿ ಏಣಿ ಹಿಡಿಯಬೇಕಾದ್ದರಿಂದ ಬೆಳಗ್ಗೆ ಡಬ್ಬಿ ಒಯ್ಯುವಂತಿಲ್ಲ, ಒಯ್ದರೂ ತಗಡಿನ ಕಾವಿಗೆ ಹಳಸುತ್ತದೆ. ಊಟಕ್ಕೆ ಇಳಿದು ಹತ್ತುವಷ್ಟರಲ್ಲಿ ಅರ್ಧ ಬಿಡುವು ಮುಗಿಯುತ್ತದೆ. ಹಾಗಾಗಿ ಡಬ್ಬಿ ಸೆಲ್ವಂನ ಬೆಂಚಿನ ಕೆಳಗೆ ತಣ್ಣಗಿದ್ದು, ಮಧ್ಯಾಹ್ನ ಚೀಲದಲ್ಲಿ ಕೂತು ಹಗ್ಗ ಹತ್ತಿ ಮೇಲೆ ಹೋಗುತ್ತದೆ.

ಇಷ್ಟು ಹೇಳಿದವನು ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಗಂಡ ಎಂಡ್ತಿ ಜಗಳ ಎಲ್ಲಾರ ಮನೇಲೂ ಇರ್ತದೆ. ನಮ್ ಮನೇಲೂ ಐತೆ. ಆದ್ರೆ ಅದನ್ನ ಸಾಪಾಡಲ್ಲಿ, ಊಟದಲ್ಲಿ ತೋರಿಸ್ಬಾರ್ದು ಅಕ್ಕಾ."

"ಯಾರು ತೋರಿಸಿದ್ದು?"

ಅಷ್ಟರಲ್ಲಿ ಮುಳಬಾಗಿಲು ಕಡೆಯ ರೆಡ್ಡಪ್ಪ ಬಂದ. ಇವನೂ ಅದೇ ಕ್ರೇನಿನ ಕೆಳಗೆ ಕೆಲಸ ಮಾಡುವವನೇ. "ಏಮಕ್ಕಾ, ಬಾಗುಂಡಾರಾ?" ಎಂದು ಯೋಗಕ್ಷೇಮ ಕೇಳಿದವನು ನೇರ ವಿಷಯಕ್ಕೇ ಬಂದ. "ಎರಡು ರೊಟ್ಟಿ, ನಾಕು ಚೂರು ಸೌತೆಕಾಯಿ. ಮುಚ್ಚಳ ತೆಗೆದು ನೋಡಿ ನಮ್ಗೇ ಅಳು ಬಂತು. ಅದನ್ನ ತಿಂದ್ಕಂಡು ಮೇಲೆ ಕೂತೋನಿಗೆ ಕಣ್ ಕತ್ಲೆ ಬಂದ್ರೆ ಕಬ್ಬಿಣ ಯಾರ್ ತಲೆ ಮೇಲೆ ಬೀಳ್ತದಕ್ಕಾ? ನಮ್ ತಲೆ ಮೇಲೆ. ಅದಕ್ಕೇ ಮೇಲಕ್ಕೆ ಕಳಿಸೋ ಮುಂಚೆ ಒಬ್ಬೊಬ್ರು ಒಂದೊಂದು ಸೌಟು ಆಕ್ತೀವಿ."

ಒಬ್ಬೊಬ್ಬರು ಒಂದೊಂದು ಸೌಟು. ನಾಲ್ಕು ಜನ ನಾಲ್ಕು ಮನೆಯ ಅಡುಗೆ. ಸೆಲ್ವಂನ ಹೆಂಡತಿ ಹುಳಿಯನ್ನವನ್ನು ಪ್ರತ್ಯೇಕವಾಗಿ ಅಣ್ಣನಿಗೇ ಎಂದು ಕಟ್ಟಿ ಕಳಿಸುತ್ತಿದ್ದಳಂತೆ, ಪಾಪ. ನಾನು ಕಟ್ಟಿದ ರೊಟ್ಟಿಯನ್ನು ಏನು ಮಾಡಿದಿರಿ ಎಂದರೆ, ಅದು ರುಚಿಯಾಗಿಯೇ ಇತ್ತು, ನಾವೇ ಹಂಚಿಕೊಂಡೆವು ಅಂದ ರೆಡ್ಡಪ್ಪ. ಇಪ್ಪತ್ತು ವರ್ಷದಲ್ಲಿ ನನ್ನ ಅಡುಗೆಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅದೂ ನನ್ನನ್ನು ಗಂಡನನ್ನು ಉಪವಾಸ ಕೆಡವುವ ಮಾರಿ ಎಂದು ನಂಬಿದವರಿಂದ.

ನನಗೆ ಸಿಟ್ಟು ನೆತ್ತಿಗೇರಿತು. ಕೊಟ್ಟ ಮಾತು ಮರೆತೆ. ಇವರು ಅಷ್ಟು ದೂರದಿಂದ ಬೇಡ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರೂ ಎಲ್ಲ ಹೇಳಿಬಿಟ್ಟೆ. ತೂಕ, ಸಕ್ಕರೆ, ಜನವರಿ, ಇಳಿಸುತ್ತಾರೆ ಅನ್ನುವುದು.

ಸೆಲ್ವಂ ಕೈಯಲ್ಲಿದ್ದ ಪ್ರಸಾದದ ಪೊಟ್ಟಣವನ್ನು ಬೆಂಚಿನ ಮೇಲಿಟ್ಟ. "ಹದಿನೈದು ವರ್ಷ ಅಕ್ಕಾ" ಅಂದ. "ಅಣ್ಣ ಮೇಲಿದ್ರೆ ನಾನು ತಲೆ ಎತ್ತಿ ನೋಡೋದೇ ಇಲ್ಲ. ಬೇರೆಯೋರ ಕೈ ಕೆಳಗೆ ನಾನು ಎಂಗ್ ನಿಂತ್ಕೊಳ್ಳಿ?" ಆಮೇಲೆ ಇವರ ಕಡೆ ತಿರುಗಿ ತಮಿಳಿನಲ್ಲಿ ಏನೋ ಅಂದ. ನನಗೆ ಅರ್ಥವಾಗಲಿಲ್ಲ, ಇವರು ತಲೆ ತಗ್ಗಿಸಿದರು.

ವಾಪಸ್ಸು ಬರುವಾಗ ಗಾಡಿಯಲ್ಲಿ ಇವರು ಬೇರೆ ಸೀಟಿಗೆ ಹೋಗಿ ಕೂತರು. ನಾನೂ ಕರೆಯಲಿಲ್ಲ. ಮೂರು ದಿನ ಈ ಮುನಿಸು ನಡೆಯಿತು.

ಆದರೆ ಆ ದಿನದಿಂದ ನಮ್ಮ ಡಬ್ಬಿಗೆ ಕಾವಲು ಬಿತ್ತು. ಸೆಲ್ವಂ ಮುಚ್ಚಳ ತೆಗೆದು ನೋಡಿ, ಸರಿಯಿದೆಯೆಂದರೆ ಮಾತ್ರ ಹಗ್ಗಕ್ಕೆ ಕಟ್ಟುವುದು. ಊಟವಾದ ಮೇಲೆ ಕೆಳಗಿನಿಂದ ಕೂಗುವುದು: "ಅಣ್ಣೇ, ಕಾಲಿ ಮಾಡ್ದೆ ಕೆಳಗೆ ಬಿಡ್ಬೇಡಿ." ಅವನ ಹೆಂಡತಿ ಹುಳಿಯನ್ನ ನಿಲ್ಲಿಸಿ ಕೀರೆಸೊಪ್ಪು ಮಸೆದು ಕಳಿಸತೊಡಗಿದಳು. ರೆಡ್ಡಪ್ಪನ ಮನೆಯಿಂದ ಗೋಂಗೂರ. ಒಬ್ಬ ಹೆಂಡತಿಯ ಸೊಪ್ಪು ಬೇಡ ಎಂದವರಿಗೆ ಮೂರು ಮನೆಯ ಸೊಪ್ಪು. ಮೇಲೆ ಕೂತವರು ಓಡಿಹೋಗುವುದೆಲ್ಲಿಗೆ? ಸಂಜೆ ಮನೆಗೆ ಬಂದು, "ನಿನ್ನಿಂದ ನಂಗೆ ಬಂದ ಗತಿ ನೋಡು" ಎಂದು ಶುರುಮಾಡಿದರೆ ಮಲಗುವವರೆಗೆ ದೂರು. ಉಪ್ಪು ಕಡಿಮೆ, ಹುಳಿ ಜಾಸ್ತಿ, ರೊಟ್ಟಿ ಒಣಗಲು. ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

ಸ್ಟೇಷನ್ನಿನ ಯಂತ್ರ ಮಾತ್ರ ದಾರಿಗೆ ಬಂತು. ಎಂಬತ್ನಾಲ್ಕು. ಎಂಬತ್ತೊಂದು. ಎಪ್ಪತ್ತೊಂಬತ್ತು. ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಮಾತ್ರ ಪೀಕಲಾಟ. ಕೋಲಾರದ ಕಡೆಯವರು, ಹೊಸ ಅವರೆಕಾಯಿಯ ಸೊಗಡು ಮೂಗಿಗೆ ಬಿದ್ದರೆ ಯಮ ಬಂದರೂ ಊಟ ಮುಗಿಸಿ ಬರುತ್ತೇನೆ ಅನ್ನುವವರು. ಇವರು ಹಿತಕಿದ ಬೇಳೆ ಸಾರನ್ನು ಎರಡೇ ಸೌಟು ಹಾಕಿಸಿಕೊಂಡು ತಟ್ಟೆ ಪಕ್ಕಕ್ಕೆ ಸರಿಸಿದ ದಿನ ನನಗೆ ಇವರ ಮೇಲೆ ಹೊಸದಾಗಿ ಗೌರವ ಬಂತು. ಹೇಳಲಿಲ್ಲ. ಹೇಳಿದರೆ ಹಪ್ಪಳ ಕೇಳುತ್ತಾರೆ.

ಜನವರಿಯ ಪರೀಕ್ಷೆಯ ದಿನ ಎಪ್ಪತ್ತೈದೂವರೆ ಕೆಜಿ. ಸಕ್ಕರೆ ಹತೋಟಿಯಲ್ಲಿ. ಡಾಕ್ಟರು ಎದ್ದು ಬೆನ್ನು ತಟ್ಟಿ, ಮನೆಯವರಿಗೆ ಹೇಳಿ, ಅವರಿಗೆ ಬಹುಮಾನ ಕೊಡಬೇಕು ಎಂದರಂತೆ. ಆಮೇಲೆ ಕಣ್ಣಿನ ಹಲಗೆಯ ಮುಂದೆ ಕೂರಿಸಿದರಂತೆ. ಬಲಗಣ್ಣು ಮುಚ್ಚಿದಾಗ ಇವರಿಗೆ ಮೂರನೇ ಸಾಲು ಓದಲಾಗಲಿಲ್ಲ. ಎಡಗಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ ಮಾಡಿಸಿದರೂ ಮೇಲಿನಿಂದ ಅಳತೆ ಸಿಗುವುದಿಲ್ಲ, ಕ್ರೇನು ಬೇಡ ಎಂದರು. ಫೆಬ್ರವರಿಯಿಂದ ಟೂಲ್ ಸ್ಟೋರಿನಲ್ಲಿ ಕೂರಬೇಕು.

ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಆರು ತಿಂಗಳು ಹೊಟ್ಟೆಯ ಹಿಂದೆ ಬಿದ್ದಿದ್ದೆ, ಕಣ್ಣಿನ ಕಡೆ ಯಾರೂ ನೋಡಿರಲಿಲ್ಲ. ಇಪ್ಪತ್ತು ವರ್ಷ ಬಿಡದೆ ಕ್ಯಾರೆಟ್ಟು ತಿನ್ನಿಸಿದ್ದರೆ ಹೀಗಾಗುತ್ತಿತ್ತೇ ಎಂದು ನಾನೇ ಹೋಗಿ ಡಾಕ್ಟರನ್ನು ಕೇಳಿದೆ. ಅವರು ನಗಲಿಲ್ಲ. "ಪೊರೆಗೂ ಕ್ಯಾರೆಟ್ಟಿಗೂ ಸಂಬಂಧ ಇಲ್ಲಮ್ಮ, ನಿಮ್ಮ ಕೈಲಾದ್ದು ನೀವು ಮಾಡಿದ್ದೀರಿ" ಅಂದರು. ಆ ಸಮಾಧಾನ ನನಗೆ ಬೇಕಿರಲಿಲ್ಲ.

ಫೆಬ್ರವರಿ ಒಂದನೇ ತಾರೀಖು ಬೆಳಗ್ಗೆ ಎಂದಿನಂತೆ ಕೇಳಿದೆ, ಏನು ಕಟ್ಟಲಿ ಅಂತ.

"ಏನಾದ್ರೂ ಕಟ್ಟು" ಅಂದರು.

ಮದುವೆಯಾದಾಗಿನಿಂದ ಈ ಒಂದು ಮಾತಿಗೆ ನಾನು ಹರಕೆ ಹೊತ್ತಿದ್ದೆನೋ ಏನೋ. ಆದರೆ ಕೇಳಿದ ಕೂಡಲೇ ಕೈಯಲ್ಲಿದ್ದ ಸೌತೆಕಾಯಿಯನ್ನು ಬುಟ್ಟಿಗೆ ವಾಪಸ್ಸು ಹಾಕಿ ಇವರ ಮುಖ ನೋಡಿದೆ. ಅವತ್ತು ಬದನೆಕಾಯಿ ಕಟ್ಟಿದೆ, ಬೀಜದ ಸಮೇತ. ಡಬ್ಬಿ ಖಾಲಿ ಬಂತು. ಮರುದಿನ ದಂಟಿನಸೊಪ್ಪು, ಖಾಲಿ. ಪಲ್ಯದ ನೀರನ್ನು ಬೇಕೆಂದೇ ಅನ್ನದ ಮೇಲೆ ಹರಿಸಿದೆ, ಖಾಲಿ. ಹಂಚಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ, ಸ್ಟೋರಿನಲ್ಲಿ ಇವರೊಬ್ಬರೇ. ಎಲ್ಲವನ್ನೂ ತಿನ್ನುತ್ತಿದ್ದರು. ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಸುಮ್ಮನೆ ಕೂರುತ್ತಿದ್ದರು.

ಕೊನೆಗೆ ಒಂದು ದಿನ ಸಾರಿಗೆ ಉಪ್ಪೇ ಹಾಕಲಿಲ್ಲ.

"ಸಾರು ಹೆಂಗಿತ್ತು?" ಅಂದೆ.

"ಚೆನ್ನಾಗಿತ್ತು."

"ಉಪ್ಪೇ ಹಾಕಿರಲಿಲ್ಲ ನಾನು."

"ಔದಾ? ಗೊತ್ತಾಗ್ಲಿಲ್ಲ" ಅಂದರು.

ಒಳಗೆ ಹೋಗಿ ಆ ಖಾಲಿ ಡಬ್ಬಿ ಹಿಡಿದುಕೊಂಡು ಅತ್ತುಬಿಟ್ಟೆ. ಇಪ್ಪತ್ತು ವರ್ಷ ಇವರು ಊಟ ಉಳಿಸಿಕೊಂಡು ಬಂದ ಡಬ್ಬಿ ನೋಡಿ ಬೈದಿದ್ದೆ, ಅತ್ತಿರಲಿಲ್ಲ.

ಮಾರ್ಚ್ ತಿಂಗಳು ಅರ್ಧ ಕಳೆದಿತ್ತು. ಒಂದು ಸಂಜೆ ಇವರು ಗಾಡಿ ಇಳಿದು ಬಂದವರೇ ಡಬ್ಬಿಯನ್ನು ನನ್ನ ಮುಂದೆ ಠಣ್ಣೆಂದು ಇಟ್ಟರು. ಎತ್ತಿ ನೋಡಿದರೆ ಭಾರ. ಮುಚ್ಚಳ ತೆಗೆದೆ. ಬೆಳಗ್ಗೆ ಕಟ್ಟಿದ್ದ ಮೂಲಂಗಿ ಪಲ್ಯ ಮುಕ್ಕಾಲು ಹಾಗೇ ಇತ್ತು.

"ನಾಳೆಯಿಂದ ಈ ಮೂಲಂಗಿ ಕಟ್ಬೇಡ" ಅಂದರು. "ನಮ್ ಸ್ಟೋರು ಚಿಕ್ಕದು, ಇರೋದು ಒಂದೇ ಕಿಟ್ಕಿ. ಮುಚ್ಚಳ ತೆಗೆದ್ರೆ ಸಂಜೆವರ್ಗೂ ವಾಸ್ನೆ ಓಗಲ್ಲ. ಬಂದೋರೆಲ್ಲ ಮೂಗು ಮುಚ್ಕೊಂಡು ಸ್ಪ್ಯಾನರ್ ಕೇಳ್ತಾರೆ."

ನಮ್ಮ ಸ್ಟೋರು ಅಂದರು. ಒಂದೂವರೆ ತಿಂಗಳಿಂದ ಅದು ಬರೀ 'ಅಲ್ಲಿ' ಆಗಿತ್ತು.

"ಏನಂದ್ರಿ? ಇನ್ನೊಂದ್ಸಲ ಹೇಳಿ" ಅಂದೆ.

"ಮೂಲಂಗಿ ಬೇಡ ಅಂದೆ. ಕಿವಿ ಕೇಳಲ್ವಾ ನಿಂಗೆ?"

ಕೇಳಿಸಿತ್ತು. ಆದರೂ ಮತ್ತೊಂದು ಸಲ ಹೇಳಿಸಿದೆ.